ಗೆರಟೆಯ ಓಲೆ, ಮಂಜೊಟ್ಟಿಯ ಸರ

ಅಕ್ಕನ ಮಗಳಿಗೆ ಈ ಸಲ ಗೆರಟೆಯ, ಅಂದರೆ ತೆಂಗಿನ ಕರಟದ, ಓಲೆ ಮಾಡುತ್ತಿದ್ದೇನೆ. ನಮ್ಮ ಉಡುಪಿಯಲ್ಲಿ ಕಾಯಿ ಒಡೆಯದ ಅಡುಗೆಮನೆ ಎಲ್ಲಿದೆ ಹೇಳಿ, ಗೆರಟೆಗೆ ಬರವಿಲ್ಲ. ಆದರೆ ಚೆನ್ನಾಗಿ ಬಲಿತದ್ದೇ ಬೇಕು, ಎಳೆಯದಾದರೆ ತೂತು ಕೊರೆಯುವಾಗ ಸೀಳಿಬಿಡುತ್ತದೆ. ನಾರು ಕೆರೆದು, ಮೊದಲು ಒರಟು ಸ್ಯಾಂಡ್‌ಪೇಪರ್, ಆಮೇಲೆ ನಯದ್ದು ಹಿಡಿದು ತಾಳ್ಮೆಯಿಂದ ಉಜ್ಜಿ, ಕೊನೆಗೆ ಒಂದು ಹನಿ ತೆಂಗಿನೆಣ್ಣೆ ಹಚ್ಚಿದರೆ ಸಾಕು, ಕಂದು ಗೆರೆಗಳು ಎದ್ದು ಕಾಣುತ್ತವೆ. ವಾರ್ನಿಶ್ ಬೇಡವೇ ಬೇಡ.

ಸರಕ್ಕೆ ಚೆನ್ನೆಮಣೆ ಆಟದ ಕೆಂಪು ಮಂಜೊಟ್ಟಿ ಬೀಜ. ಗುಲಗಂಜಿ ಎಷ್ಟೇ ಚೆಂದ ಕಂಡರೂ ನಾನು ಮುಟ್ಟುವುದಿಲ್ಲ. ಅದರೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ, ಕೊರೆಯುವಾಗ ಏಳುವ ಪುಡಿಯೂ ಅಪಾಯ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸರ ಬಾಯಿಗೇ ಹೋಗುತ್ತದೆ ಅಲ್ವಾ? ಇನ್ನು ಒಡವೆಗೆಂದು ಮಲ್ಪೆಯ ಕಡಲತೀರದಲ್ಲಿ ಚಿಪ್ಪು ಹೆಕ್ಕುವವರು ಒಳಗೆ ಜೀವ ಇದೆಯಾ ನೋಡಿ, ಖಾಲಿಯದ್ದನ್ನೇ ತನ್ನಿ.