ಹಿನ್ನೀರಿನ ನಡುವೆ ಸಿಂಗಳೀಕ: ನಕ್ಷೆ ಎಲ್ಲಿಗೆ ಬಂತು?

ಶರಾವತಿ–ಅಘನಾಶಿನಿ ಕಣಿವೆಗಳ ಕಂಪ್ಯೂಟರ್ ನಕ್ಷೆ ಅಂತೂ ಹದಕ್ಕೆ ಬಂತು. ಒಂದು ಪದರದಲ್ಲಿ ಸಿಂಗಳೀಕ, ಇನ್ನೊಂದರಲ್ಲಿ ಅಡಿಕೆಗೆ ಕೊಳೆರೋಗ ತರುವ, ಬೂಷ್ಟಿನಂಥ ಸೂಕ್ಷ್ಮಜೀವಿ ಫೈಟಾಫ್ಥೊರಾ. ಹಳ್ಳ, ಎತ್ತರ, ತಾಲ್ಲೂಕು ಗಡಿ ಕೂರಿಸೋದು ಗೊತ್ತಿದ್ದದ್ದೇ, ಬಿಡಿ. ಸತಾಯಿಸಿದ್ದು ಸಿಂಗಳೀಕದ ಚುಕ್ಕಿಗಳು. ನೆಲಕ್ಕಿಳಿಯೋದೇ ಅಪರೂಪವಾದ ಪ್ರಾಣಿ ಲಿಂಗನಮಕ್ಕಿ ಹಿನ್ನೀರಿನ ನಟ್ಟನಡುವೆ ಈಜುತ್ತಿತ್ತು!

ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗಿಳಿಸುವ ಲೆಕ್ಕ) ಮೇಲೆ ಅನುಮಾನ ಬೇಡ. ಅಳಿವಿನಂಚಿನ ಪ್ರಾಣಿಯ ಜಾಗ ಬಯಲಾಗಬಾರದೆಂದು ಜನ ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್ ಚುಕ್ಕಿಯನ್ನು 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ಎಸೆಯುತ್ತದೆ. ನಮ್ಮ ಕಡೆ ಅದು ಹೆಚ್ಚುಕಡಿಮೆ 22 ಕಿ.ಮೀ. ಉದ್ದಗಲ. ಆ ತಾಣದಿಂದ ಇಳಿಸಿಕೊಂಡ ಕೋಷ್ಟಕದ ಕಡತ ಸಿಎಸ್‌ವಿಯಲ್ಲಿ ‘ಪಬ್ಲಿಕ್ ಪೊಸಿಷನಲ್ ಆಕ್ಯುರಸಿ’ (ಮಸುಕು ಮಾಡಿದ ಮೇಲಿನ ನಿಖರತೆ) ಕಾಲಂ ನೋಡಿ. ‘ಪಬ್ಲಿಕ್’ ಇಲ್ಲದ ಕಾಲಂ ನಂಬಿದರೆ ಹತ್ತು ಮೀಟರ್ ಅಂತ ಆಸೆ ಹುಟ್ಟಿಸಿ ಕೈಕೊಡುತ್ತದೆ.

ಬಫರ್, ಅಂದರೆ ಚುಕ್ಕಿಯ ಸುತ್ತ ವೃತ್ತ ಎಳೆಯೋದು, ದಂಡ; ಚುಕ್ಕಿ ಚೌಕದ ಮಧ್ಯದ್ದಲ್ಲವಲ್ಲ. ಕೆಲಸಕ್ಕೆ ಬಂದದ್ದು ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನ ಚೌಕಗಳ ಜಾಲ ಎಳೆಯುವ ‘ಕ್ರಿಯೇಟ್ ಗ್ರಿಡ್’: ಇಪಿಎಸ್‌ಜಿ 4326 (ಡಿಗ್ರಿಯಲ್ಲೇ ಅಳೆಯುವ ಅಕ್ಷಾಂಶ-ರೇಖಾಂಶ ವ್ಯವಸ್ಥೆ), ಅಂತರ 0.2, ಮೂಲೆ ರೇಖಾಂಶ 74.4 ಮತ್ತು ಅಕ್ಷಾಂಶ 14.0. ಮೂಲೆ 0.2ರ ಗುಣಕದಲ್ಲೇ ಇರಬೇಕು. ಚುಕ್ಕಿಗಳು ಹರಡಿದಷ್ಟೇ ಜಾಗ, ಅಂದರೆ ಪದರದ ಎಕ್ಸ್‌ಟೆಂಟನ್ನೇ ಒಪ್ಪಿಕೊಂಡರೆ ಒಂದು ಚೌಕದ ದಾಖಲೆ ನಾಲ್ಕು ಚೌಕಕ್ಕೆ ಚೆದುರುತ್ತದೆ. ಆಮೇಲೆ ಚೌಕಕ್ಕೆಷ್ಟು ಚುಕ್ಕಿ ಎಂದು ಎಣಿಸುವ ‘ಕೌಂಟ್ ಪಾಯಿಂಟ್ಸ್ ಇನ್ ಪಾಲಿಗಾನ್’. ಮೀಟರ್ ಲೆಕ್ಕದ ಯುಟಿಎಂಗೆ ಬದಲಿಸೋದಿದ್ದರೆ ಎಣಿಕೆ ಮುಗಿದ ಮೇಲೆ. ಒಂದೇ ಚೌಕದಲ್ಲಿ ಸಿಂಗಳೀಕ, ಕೊಳೆರೋಗ ಎರಡೂ ಬಂದವು ಎಂದರೆ ಒಂದೇ ಗುಡ್ಡದಲ್ಲಿವೆ ಎಂದಲ್ಲ, 22 ಕಿ.ಮೀ.ಯಲ್ಲಿ ಎಷ್ಟು ಕಣಿವೆ ಹಿಡಿಸುತ್ತವೆ ಅಂತ ಮಲೆನಾಡಿನವರಿಗೆ ಹೇಳಬೇಕೆ?

ಕೊಳೆರೋಗದ್ದು ಉಲ್ಟಾ ತಲೆನೋವು. ಜಾಗ ಮೊಬೈಲ್ ಜಿಪಿಎಸ್‌ನಲ್ಲೇ ನಿಖರ, ಆದರೆ ‘ಇಲ್ಲ’ ಅನ್ನೋದಕ್ಕೆ ಆಧಾರ ಸಿಗೋದಿಲ್ಲ. ಗೊನೆಗೆ ಕೊಟ್ಟೆ ಕಟ್ಟಿ, ಶೇ. 1ರ ಬೋರ್ಡೋ ದ್ರಾವಣ ಹೊಡೆದ ತೋಟ ಚೊಕ್ಕವಾಗಿ ಕಾಣುತ್ತದೆ. ರೋಗ ಸುಳಿಗೆ ಏರಿದರೆ ಮರ ಸಾಯುವುದು ಮಳೆ ನಿಂತ ಮೇಲೂ ಇದ್ದೀತು. ಹಾಗಾಗಿ ದಾಖಲೆ ಇಲ್ಲದ ಕಡೆ ಸೊನ್ನೆ ತುಂಬಬೇಡಿ, ನಲ್ (ಖಾಲಿ) ಬಿಡಿ. ಉದುರಿದ ಕಾಯಿಯ ಬಿಳಿ ಬೂಷ್ಟನ್ನು ಒಂದು ಹನಿ ನೀರಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ನಿಂಬೆಯಾಕಾರದ ಬೀಜಕಚೀಲ ಕಂಡರಷ್ಟೇ ಚುಕ್ಕಿ ಇಡುವುದು. ಕೊಳೆತದ್ದನ್ನೆಲ್ಲ ಕೊಳೆರೋಗ ಎನ್ನುವಂತಿಲ್ಲ. ಬೆಳೆಸಿ ನೋಡೋಣವೆಂದರೆ ತರಿಸಿದ ‘ಸ್ಟೆರೈಲ್’ ಪೆಟ್ರಿ ತಟ್ಟೆಗಳ ಪ್ಯಾಕೆಟ್ ಹರಿದೇ ಬರುತ್ತದೆ, ಮಾರಿದವರನ್ನು ಕೇಳಿದರೆ ಕೊರಿಯರ್‌ನವರನ್ನು ಕೇಳಿ ಅಂತಾರೆ.

ಅಷ್ಟರಲ್ಲಿ ಮೂರನೇ ಪದರದ ಹುಚ್ಚು: ಉಪ್ಪಾಗೆ ಮರ. ಮಳೆಗಾಲದಲ್ಲೇ ಹಣ್ಣಾಗುತ್ತದೆ, ಸಿಂಗಳೀಕಕ್ಕೂ ಬೇಕು, ಸಿಪ್ಪೆ ಒಣಗಿಸಿ ಮಾರುವವರಿಗೂ ಬೇಕು. ಅದರ ಚುಕ್ಕಿಯನ್ನು ಸಾಮಾನ್ಯವಾಗಿ ಮಸುಕು ಮಾಡೋದಿಲ್ಲ, ಕಿ.ಮೀ.ಗಿಂತ ಸಣ್ಣ ಚೌಕದಲ್ಲೂ ಎಣಿಸಬಹುದು. ಮರ ಗುರುತಿಸಬಲ್ಲವರು ಬೇಕು.