ಅಪ್ಪ-ಅವ್ವನ ಜೊತೆ ಮುಂಬೈನ ಎತ್ತರದ ಹೋಟೆಲ್‌ನಲ್ಲಿ ಒಂದು ರಾತ್ರಿ: ಹುಬ್ಬಳ್ಳಿಯಿಂದ ಹೋಗುವವರಿಗೆ

ನಮ್ಮಪ್ಪ ಹುಬ್ಬಳ್ಳಿ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದವರು. ಪಾಸ್ ಮೇಲೆ ಮುಂಬೈಗೆ ಎಷ್ಟೋ ಸಲ ಹೋಗಿದ್ದಾರೆ. ಉಳಿಯುತ್ತಿದ್ದದ್ದು ಸಂಬಂಧಿಕರ ಚಾಳಿನಲ್ಲಿ, ಇಲ್ಲಾ ಸ್ಟೇಷನ್ ಹತ್ತಿರದ ಲಾಡ್ಜ್‌ನಲ್ಲಿ. ಸಂಜೆ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು, ನಾರಿಮನ್ ಪಾಯಿಂಟ್‌ನ ಎತ್ತರದ ಕಟ್ಟಡಗಳನ್ನು ನೋಡಿ ವಾಪಸ್ ಬರುತ್ತಿದ್ದರು. ಹೋದ ಡಿಸೆಂಬರ್‌ನಲ್ಲಿ ಅವರನ್ನೂ ಅವ್ವನನ್ನೂ ಅದೇ ಸಾಲಿನ ಟ್ರೈಡೆಂಟ್‌ಗೆ ಕರೆದುಕೊಂಡು ಹೋದೆ. 35 ಮಹಡಿಯ ಹೋಟೆಲ್ ಅದು. ಒಂದೇ ರಾತ್ರಿ. ವರ್ಷವಿಡೀ ಸ್ವಲ್ಪ ಸ್ವಲ್ಪ ಕೂಡಿಸಿಟ್ಟ ದುಡ್ಡು.

ಹೆತ್ತವರನ್ನು ಹೀಗೆ ಒಮ್ಮೆ ಕರೆದೊಯ್ಯಬೇಕು ಅಂತ ನಿಮಗೂ ಇದ್ದರೆ, ಮೊದಲು ಒಂದು ಮಾತು. ಮೆತ್ತನೆ ಹಾಸಿಗೆ, ಬಿಸಿನೀರು ಬೇರೆ ಕಡೆಯೂ ಸಿಗುತ್ತದೆ. ಇಲ್ಲಿ ನೀವು ದುಡ್ಡು ಕೊಡುವುದು ಕಿಟಕಿಗೆ. ಆ ಕಿಟಕಿ ಮುಂದೆ ಎಷ್ಟು ಹೊತ್ತು ಕೂರುತ್ತೀರಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಸುತ್ತಾಟ ಆಮೇಲೆ.

ಕಿಟಕಿ ವಿಷಯದಲ್ಲೇ ನಾನು ಎಡವಿದ್ದೆ. ಬುಕಿಂಗ್ ಆ್ಯಪ್ ಒಂದರಲ್ಲಿ ಸಮುದ್ರದ ಫೋಟೊ ನೋಡಿ ದುಡ್ಡು ಕಟ್ಟಿದೆ. ಹೊರಡುವ ಮೂರು ದಿನ ಮುಂಚೆ ವೋಚರ್ ಸರಿಯಾಗಿ ಓದಿದರೆ ಅದರಲ್ಲಿ ‘ಸಿಟಿ ವ್ಯೂ’ ಅಂತಿತ್ತು! ಆ್ಯಪ್‌ನವರಿಗೆ ಫೋನ್ ಮಾಡಿದರೆ ಫೋಟೊ ಸುಮ್ನೆ ಮಾದರಿಗೆ ಹಾಕಿದ್ದು ಅಂದರು. ಹೋಟೆಲ್‌ಗೇ ನೇರವಾಗಿ ಫೋನ್ ಮಾಡಿದೆ. ಹೆಚ್ಚುವರಿ ದುಡ್ಡು ಕಟ್ಟಿಸಿಕೊಂಡು ಸಮುದ್ರದ ಕಡೆಯ ರೂಮು ಕೊಟ್ಟರು. ಆದಷ್ಟು ಮೇಲಿನ ಮಹಡಿ ಕೊಡಿ, ವಯಸ್ಸಾದವರು ಮೊದಲ ಸಲ ಬರ್ತಿದ್ದಾರೆ ಅಂದೆ. 22ನೇ ಮಹಡಿ ಸಿಕ್ಕಿತು. ಹಾಗಾಗಿ ಫೋಟೊ ನಂಬಬೇಡಿ, ರೂಮಿನ ಹೆಸರು ಓದಿ. ಆಮೇಲೆ ಒಂದು ಫೋನ್ ಮಾಡಿ ಬಾಯಿಬಿಟ್ಟು ಕೇಳಿ.

ತೆರಿಗೆಯನ್ನೂ ಲೆಕ್ಕ ಹಾಕಿಕೊಳ್ಳಿ. ರಾತ್ರಿಗೆ 7,500 ರೂಪಾಯಿ ದಾಟಿದ ರೂಮಿಗೆ 18% ಜಿಎಸ್‌ಟಿ ಇದೆ. ಆ್ಯಪ್‌ನಲ್ಲಿ 12,000 ಅಂತ ಕಂಡರೆ ಕೈಯಿಂದ ಹೋಗುವುದು 14,160. ಒಳಗಿನ ಊಟದ ಬಿಲ್ಲಿಗೂ ಅದೇ 18%. ಇದರ ಮೇಲೆ ಚೆಕ್-ಇನ್ ಹೊತ್ತಿಗೆ ಡಿಪಾಸಿಟ್ ಅಂತ ಕಾರ್ಡ್‌ನಲ್ಲಿ ಒಂದಿಷ್ಟು ಹಣ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಚಿಂತೆ ಇಲ್ಲ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯಿಂದಲೇ ಹೋಗಿ, ವಾಪಸ್ ಬರಲು ಕೆಲವು ದಿನ ಬೇಕಾಗುತ್ತದೆ. ತಿರುಗಾಟಕ್ಕೆ ಇಟ್ಟ ದುಡ್ಡೇ ಸಿಕ್ಕಿಹಾಕಿಕೊಂಡರೆ ಕಷ್ಟ ಅಲ್ವಾ?

ಹುಬ್ಬಳ್ಳಿಯಿಂದ ದಾದರ್ ರೈಲು ಅನುಕೂಲ. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಗಿನ ಜಾವ ದಾದರ್. ತೊಂದರೆ ಏನಂದ್ರೆ, ಇಂಥ ಹೋಟೆಲ್‌ಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ 2ಕ್ಕೆ. ಅಷ್ಟು ಹೊತ್ತು ವಯಸ್ಸಾದವರನ್ನು ಎಲ್ಲಿ ಕೂರಿಸುವುದು? ನಾವು ದಾದರ್‌ನಿಂದ ಟ್ಯಾಕ್ಸಿ ಹಿಡಿದು ಪಕ್ಕದ ಮಾಟುಂಗಾಕ್ಕೆ ಹೋದೆವು. ಅಲ್ಲಿ ಹಳೆಯ ಉಡುಪಿ ಹೋಟೆಲ್‌ಗಳಿವೆ. ಕೆಫೆ ಮದ್ರಾಸ್‌ನಲ್ಲಿ ಇಡ್ಲಿ, ಫಿಲ್ಟರ್ ಕಾಫಿ. ಕನ್ನಡದಲ್ಲೇ ಮಾತಾಡಿಸಿದರು ಅಂತ ಅವ್ವನ ಮುಖ ಅರಳಿತು. ಆಮೇಲೆ ನಾರಿಮನ್ ಪಾಯಿಂಟ್‌ಗೆ ಹೋಗಿ ಬ್ಯಾಗ್‌ಗಳನ್ನು ಹೋಟೆಲ್‌ನಲ್ಲಿ ಇಟ್ಟೆವು. ರೂಮು ಸಿಗುವ ಮುಂಚೆಯೂ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಚೀಟಿ ಕೊಡುತ್ತಾರೆ. ರೂಮು ಖಾಲಿ ಇದ್ದರೆ ಬೇಗ ಕೊಡ್ತೀರಾ ಅಂತ ಅಲ್ಲೇ ಕೇಳಿ. ನಮಗೆ 12ಕ್ಕೇ ಸಿಕ್ಕಿತು. ಸಾಮಾನು ಕಡಿಮೆ ಇದ್ದವರು ದಾದರ್‌ನಿಂದ ಭೂಗತ ಮೆಟ್ರೋ ಹತ್ತಿ ವಿಧಾನ ಭವನ ನಿಲ್ದಾಣದಲ್ಲಿ ಇಳಿಯಬಹುದು. 2025ರ ಅಕ್ಟೋಬರ್‌ನಿಂದ ಆ ಮಾರ್ಗ ಪೂರ್ತಿ ತೆರೆದಿದೆ.

ಬಾಗಿಲಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. 2008ರ ನವೆಂಬರ್ 26ರ ದಾಳಿ ನಡೆದ ಜಾಗಗಳಲ್ಲಿ ಇದೂ ಒಂದು. ಹಾಗಾಗಿ ಬೇಸರ ಮಾಡಿಕೊಳ್ಳಬೇಡಿ, ಎಲ್ಲರ ಆಧಾರ್ ಕೈಯಲ್ಲೇ ಇಟ್ಟುಕೊಂಡಿರಿ.

ಲಿಫ್ಟ್‌ನಲ್ಲಿ ಅವ್ವನಿಗೆ ಕಿವಿ ಗುಂಯ್ ಅಂದಿತು. ಎಂಜಲು ನುಂಗಿದರೆ ಸರಿಯಾಗುತ್ತದೆ, ಒಂದು ಪೆಪ್ಪರಮಿಂಟ್ ಜೊತೆಗಿರಲಿ. ಕಿಟಕಿ ತೆರೆಯಲು ಬರುವುದಿಲ್ಲ, ಇಡೀ ಗೋಡೆಗೆ ಗಾಜು. ಫ್ಯಾನ್ ಗಾಳಿಗೆ ಒಗ್ಗಿದ ಹಿರಿಯರಿಗೆ ಎಸಿ ಚಳಿ ಆಗುತ್ತದೆ. 25-26ಕ್ಕೆ ಇಟ್ಟು ಒಂದು ಶಾಲು ಕೊಡಿ. ಬಾತ್‌ರೂಮಿನ ನೆಲ ನುಣುಪು. ಒಂದು ಟವೆಲ್ ನೆಲಕ್ಕೆ ಹಾಸಿ ಆಮೇಲೆ ಒಳಗೆ ಬಿಡಿ.

ಅಪ್ಪ ರೂಮಿಗೆ ಬಂದವರೇ ಬಾಗಿಲ ಹಿಂದೆ ಅಂಟಿಸಿದ್ದ ನಕ್ಷೆ ಓದಿದರು. ಹೊರಗೆ ಹೋಗಿ, ಗೋಡೆ ಮೇಲೆ ಕೈ ಆಡಿಸುತ್ತಾ, ಬೆಂಕಿ ಹೊತ್ತಿದಾಗ ಇಳಿಯುವ ಮೆಟ್ಟಿಲಿನವರೆಗೆ ನಡೆದು ಬಂದರು. ‘ನಡುವ ನಾಕು ಬಾಗಲಾ ಅದಾವು. ಹೊಗಿ ತುಂಬಿದ್ರ ಕಣ್ಣು ಕಾಣೂದಿಲ್ಲ, ಕೈಲೇ ಎಣಿಸ್ಕೋತ ಹೋಗಬೇಕು. ಲಿಫ್ಟಿನ್ ಕಡೆ ಹೋಗಬ್ಯಾಡ್ರಿ’ ಅಂದರು. ವರ್ಕ್‌ಶಾಪ್‌ನ ಅಭ್ಯಾಸ. ಎತ್ತರದ ಕಟ್ಟಡದಲ್ಲಿ ಉಳಿಯುವ ಯಾರೇ ಆಗಲಿ, ಬ್ಯಾಗ್ ಬಿಚ್ಚುವ ಮೊದಲು ಇದನ್ನು ಮಾಡಿ.

ಡಿಸೆಂಬರ್‌ನಲ್ಲಿ ಮುಂಬೈನಲ್ಲಿ ಸೂರ್ಯ ಮುಳುಗುವುದು ಹೆಚ್ಚುಕಡಿಮೆ 6 ಗಂಟೆಗೆ. 5ಕ್ಕೆಲ್ಲ ಕುರ್ಚಿ ಎಳೆದು ಕಿಟಕಿಗೆ ಹಚ್ಚಿದೆವು. ಕೆಳಗೆ ಮರೀನ್ ಡ್ರೈವ್ ಬಾಗಿಕೊಂಡು ಗಿರಗಾಂವ್ ಚೌಪಾಟಿಯವರೆಗೆ, ಆಚೆಗೆ ಮಲಬಾರ್ ಹಿಲ್. ‘ಮಂದಿ ಇರಬಿಗತೆ ಕಾಣ್ತಾರ ನೋಡ’ ಅಂದಳು ಅವ್ವ. ಬಿಸಿಲು ಕೆಂಪಾಯಿತು, ಸಮುದ್ರ ತಾಮ್ರದ ಬಣ್ಣಕ್ಕೆ ತಿರುಗಿತು. ಆಮೇಲೆ ರಸ್ತೆ ದೀಪಗಳು ಹತ್ತಿಕೊಂಡವು. ಆ ದೀಪದ ಸಾಲಿಗೇ ರಾಣಿಯ ಹಾರ ಅನ್ನುವುದು. ಕೆಳಗೆ ಕಟ್ಟೆಯಿಂದ ನೋಡಿದರೆ ಬರೀ ದೀಪದ ಕಂಬಗಳು, ಮೇಲಿಂದಲೇ ಅದು ಹಾರ. ಅಪ್ಪ ಒಂದು ತಾಸು ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕೆಳಗೆ ಇಳಿಯಲಿಲ್ಲ. ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಮೊಸರು ಮಾತ್ರ ರೂಮಿಗೆ ತರಿಸಿದೆವು. ಅದೇ ಕಿಟಕಿ ಮುಂದೆ ರೊಟ್ಟಿ ಮುರಿದು ತಿಂದದ್ದು ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಹೆಚ್ಚು. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದರೆ ಒಳ್ಳೆಯದು. ಶುದ್ಧ ಸಸ್ಯಾಹಾರಿ ಅಂತ ಮೊದಲೇ ಹೇಳಿ, ದೋಸೆ ಬಿಸಿಯಾಗಿ ಬೇರೆ ಮಾಡಿಸಿಕೊಡುತ್ತಾರೆ. ಫ್ರಿಜ್‌ನಲ್ಲಿಟ್ಟ ತಂಪು ಪಾನೀಯ, ತಿನಿಸಿಗೆ ಬೇರೆ ದುಡ್ಡು. ಕೆಟಲ್ ಪಕ್ಕದ ಚಹಾ, ಸಕ್ಕರೆಗೆ ದುಡ್ಡಿಲ್ಲ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಡಿಸೆಂಬರ್ ಕೊನೆಯ ವಾರ ಬಿಡಿ, ಬಾಡಿಗೆ ವಿಪರೀತ. ಮಳೆಗಾಲದಲ್ಲಿ ಅಗ್ಗ ಇದ್ದರೂ ಮೋಡ ಕವಿದರೆ ಸೂರ್ಯ ಮುಳುಗುವುದು ಕಾಣುವುದಿಲ್ಲ.

ಮರುದಿನ 12ಕ್ಕೆ ರೂಮು ಬಿಟ್ಟೆವು. ನಮ್ಮ ರೈಲು ರಾತ್ರಿ, ಅಲ್ಲಿಯವರೆಗೆ ಬ್ಯಾಗ್ ಮತ್ತೆ ಹೋಟೆಲ್‌ನಲ್ಲೇ. ಸಂಜೆ ಅಪ್ಪ ತಮ್ಮ ಹಳೇ ಕಟ್ಟೆ ಮೇಲೆ ಹೋಗಿ ಕೂತರು. ಹಿಂದೆ ತಿರುಗಿ ಬೆರಳಿನಿಂದ ಮಹಡಿ ಎಣಿಸಿದರು. ಇಪ್ಪತ್ತೆರಡಕ್ಕೆ ನಿಲ್ಲಿಸಿ ‘ಅಲ್ಲೆ ನೋಡ, ಅದ ನಮ್ಮ ಖೋಲಿ’ ಅಂತ ಅವ್ವನಿಗೆ ತೋರಿಸಿದರು. ದಾದರ್‌ಗೆ ವಾಪಸ್ ಹೋಗುವಾಗ ಚರ್ಚ್‌ಗೇಟ್ ಲೋಕಲ್ ಬೇಡ, ಸಂಜೆ ಹೊತ್ತು ಹಿರಿಯರಿಗೆ ಕಾಲಿಡಲೂ ಜಾಗ ಇರುವುದಿಲ್ಲ. ಟ್ಯಾಕ್ಸಿ ಹಿಡಿಯಿರಿ, ಟ್ರಾಫಿಕ್ ಜಾಸ್ತಿ ಇರುತ್ತದೆ, ರೈಲಿಗೆ ಎರಡು ತಾಸು ಇರುವಾಗಲೇ ಹೊರಡಿ.