‘ಸರ್ಕಾರ 500 ಅಂದಿದೆಯಲ್ಲ, ನೀವ್ಯಾಕೆ ಕೊಡಲ್ಲ?’

ಸಕಲೇಶಪುರದಲ್ಲಿ ಕಾಳುಮೆಣಸು ಖರೀದಿ ಮಾಡುವ ಅಂಗಡಿಯಲ್ಲಿ ನನ್ನ ಕೆಲಸ. ತೂಕ ಹಾಕುವುದು, ಬಿಲ್ ಬರೆಯುವುದು ಬೇಗ ಬರುತ್ತದೆ. ರೇಟ್ ಯಾಕೆ ಇಳಿಯಿತು ಅಂತ ಬೆಳೆಗಾರರಿಗೆ ಬಿಡಿಸಿ ಹೇಳುವುದೇ ಕಷ್ಟ.

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಆಮೇಲೆ ಕೌಂಟರಿಗೆ ಬಂದವರದೆಲ್ಲ ಒಂದೇ ಪ್ರಶ್ನೆ: "ಸರ್ಕಾರ 500 ಅಂದಿದೆಯಲ್ಲ, ನೀವ್ಯಾಕೆ ಕೊಡಲ್ಲ?" ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದು ಬೆಂಬಲ ಬೆಲೆ ಅಲ್ಲ. ಹೊರದೇಶದ ಮೆಣಸಿನ ಬಿಲ್ಲಿನಲ್ಲಿ 500ಕ್ಕಿಂತ ಕಡಿಮೆ ಇದ್ದರೆ ಬಂದರಿನಿಂದ ಒಳಗೆ ಬಿಡಬೇಡಿ ಅನ್ನುವ ನಿಯಮ, ಅಷ್ಟೇ. ಇಲ್ಲಿನ ಬೆಳೆಗಾರರಿಂದ ಇಷ್ಟಕ್ಕೇ ಕೊಳ್ಳಿ ಅಂತ ಅದು ಯಾರಿಗೂ ಹೇಳುವುದಿಲ್ಲ. ಮುಂದಿನ ಎರಡು ವರ್ಷ ರೇಟ್ ಇಳಿಯುತ್ತಲೇ ಹೋಯಿತು. ಮುನ್ನೂರು ಚಿಲ್ಲರೆಗೂ ಕೊಂಡಿದ್ದೇವೆ.

ಮೆಣಸಿನಲ್ಲಿ ಈಗ ವಿಯೆಟ್ನಾಮಿನದೇ ಮೇಲುಗೈ. ಅಲ್ಲಿ ಬೆಳೆ ಜಾಸ್ತಿಯಾಗಿ ಬೆಲೆ ಬಿದ್ದಿತ್ತು. ನೇರವಾಗಿ ತರಿಸಿದರೆ ಸುಂಕ ಭಾರೀ. ವಿಯೆಟ್ನಾಂ ಕೂಡ ಇರುವ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್, ಅದರ ಜೊತೆ 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲೂ ಭಾರತ ಮೆಣಸಿನ ಸುಂಕವನ್ನು 70ರಿಂದ 50 ಪರ್ಸೆಂಟಿಗೆ ಮಾತ್ರ, ಅದೂ ನಿಧಾನಕ್ಕೆ, ಇಳಿಸಲು ಒಪ್ಪಿತು. ಆದರೆ ಶ್ರೀಲಂಕಾದ ಮೆಣಸಿಗೆ ಸಾರ್ಕ್ ದೇಶಗಳ ಒಪ್ಪಂದದಲ್ಲಿ 8 ಪರ್ಸೆಂಟ್. ಎರಡು ದೇಶಗಳ ನಡುವಿನ ಒಪ್ಪಂದದಲ್ಲಿ 2,500 ಟನ್‌ವರೆಗೆ ಸುಂಕವೇ ಇಲ್ಲ. ಹಾಗಾಗಿ ‘ಇದು ಎಲ್ಲಿ ಬೆಳೆದದ್ದು’ ಅನ್ನುವ ಒಂದು ಸರ್ಟಿಫಿಕೇಟಿನ ಮೇಲೆ ಇಡೀ ಲೆಕ್ಕ ನಿಂತಿತು. ವಿಯೆಟ್ನಾಂ ಮಾಲೇ ಕೊಲಂಬೊ ಸುತ್ತಿ ಬರುತ್ತಿದೆ, ಬಿಲ್ಲಿನಲ್ಲಿ ಬೆಲೆ ಏರಿಸಿ 500 ತೋರಿಸುತ್ತಾರೆ ಅಂತ ಬೆಳೆಗಾರರ ಸಂಘಟನೆಗಳು ದೂರುತ್ತಲೇ ಇದ್ದವು.

ಕಾಳು ನೋಡಿ ಇದನ್ನು ಹಿಡಿಯಬಹುದಾ? ನಾವು ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತೇವೆ. ಮೀಟರಿನಲ್ಲಿ ತೇವಾಂಶ ನೋಡುತ್ತೇವೆ. ಲೀಟರ್ ಅಳತೆಗೆ ಸುರಿದು, ಮೇಲೆ ಪಟ್ಟಿ ಎಳೆದು ತೂಗುತ್ತೇವೆ. 550 ಗ್ರಾಂ ಬಂದರೆ ಗಟ್ಟಿ ಕಾಳು, 500ಕ್ಕಿಂತ ಕೆಳಗಾದರೆ ಜೊಳ್ಳು ಜಾಸ್ತಿ ಅಂತ ಅರ್ಥ. ಇದರಲ್ಲಿ ದೇಶ ಯಾವುದು ಅಂತ ಎಲ್ಲಿ ಗೊತ್ತಾಗುತ್ತದೆ? 2020ರ ಸೆಪ್ಟೆಂಬರಿನಲ್ಲಿ ಬಂದ ಕಸ್ಟಮ್ಸ್ ನಿಯಮ, ಮಾಲಿನ ಮೂಲದ ವಿವರ ಇಟ್ಟುಕೊಳ್ಳುವ ಹೊಣೆಯನ್ನು ಆಮದುದಾರರ ಮೇಲೇ ಹಾಕಿತು. ಬೆಲೆ ಕಟ್ಟುವುದಕ್ಕಿಂತ ಇದೇ ಸರಿಯಾದ ದಾರಿ ಅಂತ ನನಗನ್ನಿಸುತ್ತದೆ. ಬೇಗ ಬರಬೇಕಿತ್ತು.

ಸಂಸ್ಕರಿಸಿ ಮತ್ತೆ ರಫ್ತು ಮಾಡುವ ಕಾರ್ಖಾನೆಗಳಿಗೆ 500ರ ನಿಯಮದಿಂದ ವಿನಾಯಿತಿ ಇದೆ. ಅದಕ್ಕೂ ಬೈಯುವವರಿದ್ದಾರೆ, ನಾನು ಬೈಯಲ್ಲ. ಆ ಮಾಲು ಮತ್ತೆ ಹೊರಗೇ ಹೋಗಬೇಕು.

ನಮ್ಮ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಫೆಬ್ರವರಿ ಹೊತ್ತಿಗೆ ವಿಯೆಟ್ನಾಮಿನಲ್ಲೂ ಶುರುವಾಗುತ್ತದೆ; ಮಾಲು ಜಾಸ್ತಿಯಾಗಿ ರೇಟ್ ಕುಗ್ಗಬಹುದಾದ ಹೊತ್ತು ಅದು. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡಲ್ಲ. ದೊಡ್ಡ ತೋಟದವರು ಗೋಡೌನಿನಲ್ಲಿಟ್ಟು ಕಾಯುತ್ತಾರೆ. ಎರಡೆಕರೆಯವರು ಕೊಯ್ಲಿನ ಕೂಲಿ ಕೊಡಬೇಕಲ್ಲ, ಒಣಗಿದ ವಾರವೇ ಚೀಲ ತರುತ್ತಾರೆ. ಕೂಲಿಗೆ ಬೇಕಾದಷ್ಟು ಮಾರಿ, ಉಳಿದದ್ದನ್ನು ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಸಾಲ ಸಿಗುತ್ತಾ ಅಂತ ಸೊಸೈಟಿಯಲ್ಲಿ ವಿಚಾರಿಸಿ ಅಂತ ಅವರಿಗೆ ಹೇಳುತ್ತೇನೆ. ನಮ್ಮ ಯಜಮಾನರಿಗೆ ಈ ಸಲಹೆ ಅಷ್ಟೇನೂ ಇಷ್ಟವಿಲ್ಲ ಬಿಡಿ.